ಕಾರ್ಡು ಬದಲಿಸುವ ಮೊದಲು: ಹಳೆಯ ಆಲ್-ಇನ್-ಒನ್ ಕಂಪ್ಯೂಟರು ಮತ್ತು ಸೊಲ್ಲಾಪುರ–ಅಕ್ಕಲಕೋಟೆಯ ಕನ್ನಡ ಕೆಲಸ

1. ಪ್ರಶ್ನೆ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯ ಮೊದಲ ಕೆಲವು ಮೈಲಿ ಮಗ್ಗದ ದಾರಿ. ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲು, ಚಾದರ ನೇಯುವ ಕಾರ್ಖಾನೆಗಳ ಸದ್ದು ಹಗಲಿಡೀ ಕೇಳುತ್ತದೆ. ಅದನ್ನು ದಾಟಿ ಮುಂದೆ ಹೋದರೆ ಮಾತು ಮೆಲ್ಲಗೆ ಕನ್ನಡದ ಕಡೆ ಹೊರಳುತ್ತದೆ. ಅಕ್ಕಲಕೋಟೆ ತಾಲೂಕಿನ ಮೈಂದರಗಿ, ದುಧನಿ, ನಾಗಣಸೂರುಗಳಲ್ಲಿ ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿ. 1967ರಲ್ಲಿ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿದ ಪ್ರದೇಶಗಳಲ್ಲಿ ಅಕ್ಕಲಕೋಟೆಯೂ ಒಂದು. ಶಿಫಾರಸು ಜಾರಿಯಾಗಲಿಲ್ಲ. ಕನ್ನಡ ಮಾತ್ರ ಇದ್ದಲ್ಲೇ ಉಳಿಯಿತು: ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ, ಲಗ್ನಪತ್ರಿಕೆಗಳಲ್ಲಿ, ಮಠದ ಪುಸ್ತಕಗಳಲ್ಲಿ, ಹಳೆಯ ಗುಡಿಗಳ ಅಂಗಳದ ಶಾಸನಗಳಲ್ಲಿ.

ಈ ಕನ್ನಡವನ್ನು ಅಚ್ಚಿಗೂ ದಾಖಲೆಗೂ ಸಿದ್ಧಮಾಡುವ ಕಂಪ್ಯೂಟರುಗಳಲ್ಲಿ ಹತ್ತು ಹನ್ನೆರಡು ವರ್ಷ ಹಳೆಯ ಆಲ್-ಇನ್-ಒನ್‌ಗಳು ನನಗೆ ಮತ್ತೆ ಮತ್ತೆ ಕಂಡಿವೆ. ಪರದೆಯ ಬೆನ್ನಿಗೇ ಇಡೀ ಯಂತ್ರವನ್ನು ಅಡಗಿಸಿಕೊಂಡ ಈ ಕಂಪ್ಯೂಟರು ಸಣ್ಣ ಅಂಗಡಿಗೆ ಹಿತ. ಜಾಗ ಉಳಿಯುತ್ತದೆ, ಪರದೆ ದೊಡ್ಡದು, ಬಣ್ಣ ಚೆನ್ನ. ಅದು ನಿಧಾನವಾದಾಗ, ಪರದೆಯ ಮೇಲೆ ಗೆರೆ ಮೂಡಿದಾಗ, ಹೊಸ ಸಾಫ್ಟ್‌ವೇರು ಓಡದಿದ್ದಾಗ ಬರುವ ಪ್ರಶ್ನೆ ಒಂದೇ: ಗ್ರಾಫಿಕ್ಸ್ ಕಾರ್ಡು ಬದಲಿಸಿದರೆ ಸರಿಹೋದೀತೇ?

ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಆ ಯಂತ್ರದಲ್ಲಿ ಬದಲಿಸಬಹುದಾದ ಕಾರ್ಡು ಇದೆಯೇ ಎಂಬುದು ಮೊದಲ ಪರೀಕ್ಷೆ. ನಮ್ಮ ಕೆಲಸ ಕಾರ್ಡನ್ನು ನಿಜವಾಗಿ ಕೇಳುತ್ತದೆಯೇ ಎಂಬುದು ಎರಡನೆಯದು. ಎರಡರಲ್ಲೂ ಹೌದು ಎಂದು ಬಂದಾಗ ಮಾತ್ರ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬೇಕು ಎಂಬುದು ಈ ಟಿಪ್ಪಣಿಯ ವಾದ.

2. ಸೊಲ್ಲಾಪುರಕ್ಕೆ ಕಾರ್ಡು ಹೊಸದಲ್ಲ

ಚಿತ್ರಕ್ಕಾಗಿ ಕಾರ್ಡು ಬದಲಿಸುವ ವಿದ್ಯೆ ಸೊಲ್ಲಾಪುರಕ್ಕೆ ಕಂಪ್ಯೂಟರಿಗಿಂತ ಮೊದಲೇ ಗೊತ್ತಿತ್ತು. ಸೊಲ್ಲಾಪುರಿ ಚಾದರದ ಹೂಬಳ್ಳಿ ಮೂಡುವುದು ಜಕಾರ್ಡ್ ಮಗ್ಗದಲ್ಲಿ. ಫ್ರಾನ್ಸಿನ ಲಿಯಾನ್ ಪಟ್ಟಣದ ಜೋಸೆಫ್ ಮಾರಿ ಜಕಾರ್ಡ್ 1804ರಲ್ಲಿ ರೂಪಿಸಿದ ಯಂತ್ರ ಇದರ ಮೂಲ. ವಿನ್ಯಾಸಗಾರ ಮೊದಲು ಚೌಕುಳಿ ಕಾಗದದ ಮೇಲೆ ಚಿತ್ರ ಬಿಡಿಸುತ್ತಾನೆ. ಒಂದೊಂದು ಚೌಕವೂ ಹಾಸು ಮತ್ತು ಹೊಕ್ಕು ಸೇರುವ ಒಂದು ಜಾಗ. ಚೌಕುಳಿಯ ಒಂದು ಸಾಲು ರಟ್ಟಿನ ಒಂದು ಕಾರ್ಡಾಗುತ್ತದೆ. ರಂಧ್ರವಿದ್ದ ಕಡೆ ಕೊಕ್ಕೆ ಮೇಲೆದ್ದು ಹಾಸಿನ ನೂಲನ್ನು ಎತ್ತುತ್ತದೆ, ಇಲ್ಲದ ಕಡೆ ನೂಲು ಕೆಳಗೇ ಉಳಿಯುತ್ತದೆ. ಹೊಕ್ಕಿನ ನೂಲು ಅಡ್ಡ ಹಾಯುತ್ತದೆ. ಮುಂದಿನ ಕಾರ್ಡು ಬರುತ್ತದೆ. ಹೀಗೆ ಸಾಲು ಸಾಲಾಗಿ ಹೂವು ಅರಳುತ್ತದೆ.

ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಮೂಡುವ ಬಗೆಯೂ ಇದಕ್ಕೆ ಹತ್ತಿರದ್ದು. ಚೌಕದ ಜಾಗದಲ್ಲಿ ಪಿಕ್ಸೆಲ್ ಇದೆ, ರಂಧ್ರದ ಜಾಗದಲ್ಲಿ ಅಂಕಿ ಇದೆ. 1920 ಅಗಲ, 1080 ಎತ್ತರದ ಪರದೆಯಲ್ಲಿ 20,73,600 ಪಿಕ್ಸೆಲ್‌ಗಳು. ಒಂದೊಂದಕ್ಕೂ ನಾಲ್ಕು ಬೈಟ್ ಹಿಡಿದರೆ ಒಂದು ಪೂರ್ಣ ಚಿತ್ರಕ್ಕೆ ಸುಮಾರು 8.3 ಎಂಬಿ. ಅದನ್ನು ಸೆಕೆಂಡಿಗೆ 60 ಸಲ ಪರದೆಗೆ ಕಳಿಸುವುದು ಗ್ರಾಫಿಕ್ಸ್ ಭಾಗದ ಮೊದಲ ಕರ್ತವ್ಯ.

ಮಗ್ಗ ನಮಗೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಜಕಾರ್ಡ್‌ನ ದೊಡ್ಡತನ ಇರುವುದು ಚಿತ್ರವನ್ನು ಮಗ್ಗದಿಂದ ಬಿಡಿಸಿ ಇಟ್ಟದ್ದರಲ್ಲಿ. ಮಗ್ಗ ಹಳೆಯದಿದ್ದರೂ ಕಾರ್ಡಿನ ಸರ ಬದಲಿಸಿದರೆ ಹೊಸ ಚಾದರ ಬರುತ್ತದೆ. ಬಿಚ್ಚಿ ಜೋಡಿಸಲು ಬರುವ ಯಂತ್ರಕ್ಕೆ ಆಯುಸ್ಸು ಹೆಚ್ಚು. ಆಲ್-ಇನ್-ಒನ್ ಕಂಪ್ಯೂಟರು ಹುಟ್ಟಿದ್ದು ಇದಕ್ಕೆ ಎದುರಾದ ಆಸೆಯಿಂದ, ಎಲ್ಲವನ್ನೂ ಒಂದರೊಳಗೊಂದು ಸೇರಿಸುವ ಆಸೆಯಿಂದ. ನಮ್ಮ ಪ್ರಶ್ನೆ ಕಠಿಣವಾಗುವುದು ಇಲ್ಲಿಯೇ.

3. ಮೂರು ಬಗೆಯ ಯಂತ್ರಗಳು

ಹೊರಗಿನಿಂದ ಒಂದೇ ತರಹ ಕಾಣುವ ಆಲ್-ಇನ್-ಒನ್‌ಗಳಲ್ಲಿ ಒಳಗಿನ ರಚನೆ ಮೂರು ಬಗೆ.

ಮೊದಲ ಬಗೆಯಲ್ಲಿ ಗ್ರಾಫಿಕ್ಸ್ ಎಂಬುದು ಪ್ರತ್ಯೇಕ ವಸ್ತುವೇ ಅಲ್ಲ, ಅದು ಪ್ರೊಸೆಸರ್ ಚಿಪ್ಪಿನ ಒಳಗೇ ಇದೆ. ಕಡಿಮೆ ಬೆಲೆಯ ಆಲ್-ಇನ್-ಒನ್‌ಗಳು ಸಾಮಾನ್ಯವಾಗಿ ಈ ಜಾತಿ. ಇಲ್ಲಿ ಬದಲಿಸಲು ಕಾರ್ಡಿಲ್ಲ. ಆದರೆ ಈ ಗ್ರಾಫಿಕ್ಸ್ ಭಾಗ ಕಂಪ್ಯೂಟರಿನ ಸಾಮಾನ್ಯ ರ‍್ಯಾಮ್ ಅನ್ನೇ ಹಂಚಿಕೊಂಡು ಬಳಸುವುದರಿಂದ ರ‍್ಯಾಮ್ ಸುಧಾರಿಸಿದರೆ ಗ್ರಾಫಿಕ್ಸೂ ಸುಧಾರಿಸುತ್ತದೆ. ಎರಡು ಕಿಂಡಿಗಳಿದ್ದು ಒಂದರಲ್ಲಿ ಮಾತ್ರ ರ‍್ಯಾಮ್ ಇದ್ದರೆ, ಇನ್ನೊಂದರಲ್ಲಿ ಅದೇ ಅಳತೆಯದನ್ನು ಕೂರಿಸಿ. ಎರಡು ದಾರಿಯಲ್ಲಿ ಏಕಕಾಲಕ್ಕೆ ಮಾಹಿತಿ ಹರಿಯತೊಡಗುತ್ತದೆ. ಕಡಿಮೆ ಖರ್ಚಿನಲ್ಲಿ ಕಣ್ಣಿಗೆ ಕಾಣುವ ಫಲ ಇದು.

ಎರಡನೆಯ ಬಗೆಯಲ್ಲಿ ಗ್ರಾಫಿಕ್ಸ್ ಚಿಪ್ಪು ಬೇರೆಯೇ ಇರುತ್ತದೆ, ಆದರೆ ಮದರ್‌ಬೋರ್ಡಿಗೆ ಬೆಸುಗೆಯಾಗಿರುತ್ತದೆ. ಮಾರುವಾಗ ಇದನ್ನೂ ಗ್ರಾಫಿಕ್ಸ್ ಕಾರ್ಡು ಎಂದೇ ಹೇಳುತ್ತಾರೆ. ಬಿಚ್ಚಿ ನೋಡಿದರೆ ಕಾರ್ಡಿಲ್ಲ, ಚಿಪ್ಪಿನ ಹೊಟ್ಟೆಯಡಿ ನೂರಾರು ಸಣ್ಣ ಬೆಸುಗೆ ಗುಂಡುಗಳಿವೆ. ಇದು ಕೆಟ್ಟಾಗ ಬಿಸಿಗಾಳಿಯಿಂದ ಕಾಯಿಸಿ ಜೀವ ತರಿಸುವ ರೂಢಿಯೊಂದಿದೆ. ಹಾಗೆ ಬಂದ ಜೀವ ಹೆಚ್ಚು ಕಾಲ ನಿಲ್ಲುವುದಿಲ್ಲ. ಒಳಗಿನ ಸೂಕ್ಷ್ಮ ಜೋಡಣೆ ಶಾಖಕ್ಕೆ ಹಿಗ್ಗಿ ಕ್ಷಣಕಾಲ ಮುಟ್ಟಿಕೊಂಡಿರುತ್ತದೆ, ಬಿರುಕು ಮಾತ್ರ ಹಾಗೆಯೇ ಇರುತ್ತದೆ. ಅದಕ್ಕೆ ಹಣ ಕೊಡುವ ಮುನ್ನ ಗಿರಾಕಿಗೆ ಇದು ತಿಳಿದಿರಬೇಕು.

ಮೂರನೆಯ ಬಗೆಯಲ್ಲಿ ನಿಜವಾದ ಕಾರ್ಡಿದೆ. ಮೇಜಿನ ಮೇಲಿನ ದೊಡ್ಡ ಡಬ್ಬಿ ಕಂಪ್ಯೂಟರಿಗೆ ಹಾಕುವ ಉದ್ದನೆಯ ಕಾರ್ಡು ಇಲ್ಲಿ ಹಿಡಿಸುವುದಿಲ್ಲ. ಇಲ್ಲಿರುವುದು ಎಂಎಕ್ಸ್‌ಎಂ ಎಂಬ ಅಳತೆಯ ಚಪ್ಪಟೆ ಬಿಲ್ಲೆ. ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸ್ ಬದಲಿಸಲು ಬರಬೇಕೆಂದು ಎನ್ವಿಡಿಯಾ ಸಂಸ್ಥೆ ಕೆಲವು ತಯಾರಕರೊಡನೆ 2004ರಲ್ಲಿ ಈ ಅಳತೆಯನ್ನು ತಂದಿತು. 2009ರ ಕೊನೆಯಿಂದ 2011ರವರೆಗಿನ ಐಮ್ಯಾಕ್‌ಗಳು ಇದನ್ನು ಬಳಸಿದವು. 2012ರ ಕೊನೆಗೆ ತೆಳ್ಳನೆಯ ಐಮ್ಯಾಕ್ ಬಂದಾಗ ಚಿಪ್ಪು ಬೋರ್ಡಿಗೆ ಬೆಸುಗೆಯಾಯಿತು, ಅಯಸ್ಕಾಂತದಿಂದ ನಿಲ್ಲುತ್ತಿದ್ದ ಮುಂದಿನ ಗಾಜು ಪರದೆಗೆ ಸೇರಿ ಅಂಟಿನ ಪಟ್ಟಿಯಿಂದ ನಿಂತಿತು. ಅದೇ 2012ರಲ್ಲಿ ಎಚ್.ಪಿ. ಸಂಸ್ಥೆ ತಂದ ಝಡ್1 ಎಂಬ 27 ಇಂಚಿನ ಆಲ್-ಇನ್-ಒನ್ ಇದಕ್ಕೆ ಎದುರು ದಿಕ್ಕಿಗೆ ನಡೆಯಿತು. ಕಾರಿನ ಬಾನೆಟ್ ಎತ್ತಿದ ಹಾಗೆ ಅದರ ಪರದೆಯನ್ನು ಎತ್ತಬಹುದಿತ್ತು. ಒಳಗೆ 400 ವ್ಯಾಟಿನ ವಿದ್ಯುತ್ ಘಟಕವೂ ಬದಲಿಸಬಹುದಾದ ಗ್ರಾಫಿಕ್ಸ್ ಕಾರ್ಡೂ ಇದ್ದವು. ಒಂದೇ ವರ್ಷದಲ್ಲಿ ಎರಡು ದಿಕ್ಕು ಕಂಡವು. ಮಾರುಕಟ್ಟೆ ಅನುಸರಿಸಿದ್ದು ತೆಳ್ಳನೆಯ ದಾರಿಯನ್ನು.

ಯಾವ ಬಗೆ ಎಂಬುದನ್ನು ಯಂತ್ರ ಬಿಚ್ಚದೆಯೇ ಬಹುಮಟ್ಟಿಗೆ ತಿಳಿಯಬಹುದು. ಹಿಂಬದಿಯ ಮಾದರಿ ಸಂಖ್ಯೆ ಹಿಡಿದು ತಯಾರಕರ ಸರ್ವಿಸ್ ಕೈಪಿಡಿ ತೆಗೆದರೆ ಬಿಡಿಭಾಗಗಳ ಪಟ್ಟಿ ಸಿಗುತ್ತದೆ. ಅಲ್ಲಿ ಗ್ರಾಫಿಕ್ಸ್ ಬೋರ್ಡು ಬೇರೆ ಸಾಲಿನಲ್ಲಿ ಬಂದಿದ್ದರೆ ಅದು ಬಿಚ್ಚಲು ಬರುತ್ತದೆ. ಮದರ್‌ಬೋರ್ಡಿನ ಹೆಸರಿನೊಳಗೇ ಸೇರಿದ್ದರೆ ಆಸೆ ಬಿಡಬೇಕು.

4. ಕಿಂಡಿಗೆ ಕೂತರೆ ಸಾಲದು

ಎಂಎಕ್ಸ್‌ಎಂ ಮೂರನೆಯ ಆವೃತ್ತಿಯಲ್ಲಿ ಎರಡು ಗಾತ್ರಗಳು: 82×70 ಮಿಲಿಮೀಟರಿನ ಎ ನಮೂನೆ, 82×105 ಮಿಲಿಮೀಟರಿನ ಬಿ ನಮೂನೆ. ಎ ನಮೂನೆಯ ಕಾರ್ಡು ಸಾಮಾನ್ಯವಾಗಿ 55 ವ್ಯಾಟ್ ಒಳಗೆ ಕೆಲಸ ಮಾಡುತ್ತದೆ. ಬಿ ನಮೂನೆಯವು 100 ವ್ಯಾಟಿಗೂ ಹೋಗುತ್ತವೆ. ಕಿಂಡಿ ಒಂದೇ ತರಹ ಇದ್ದರೂ ಮೂರು ಕಡೆ ಎಡವಬಹುದು.

ಒಂದು, ಶಾಖ. ಚಿಪ್ಪಿನ ಮೇಲೆ ಕೂರುವ ತಾಮ್ರದ ತಟ್ಟೆಯನ್ನು ಹಳೆಯ ಕಾರ್ಡಿನ ಮೈಕಟ್ಟಿಗೆ ಸರಿಯಾಗಿ ಮಾಡಿರುತ್ತಾರೆ. ಹೊಸ ಕಾರ್ಡಿನಲ್ಲಿ ಮೆಮೊರಿ ಚಿಪ್ಪುಗಳ ಜಾಗ ಬೇರೆ, ಎತ್ತರ ಬೇರೆ. ತಟ್ಟೆಗೂ ಚಿಪ್ಪಿಗೂ ನಡುವೆ ಅರ್ಧ ಮಿಲಿಮೀಟರ್ ಸಂದು ಉಳಿದರೂ ಶಾಖ ಸರಿಯಾಗಿ ದಾಟುವುದಿಲ್ಲ. ಅದಕ್ಕೆಂದೇ 0.5, 1, 1.5 ಮಿಲಿಮೀಟರ್ ದಪ್ಪದ ಥರ್ಮಲ್ ಪ್ಯಾಡುಗಳು ಸಿಗುತ್ತವೆ. ಅಳೆದು ಹಚ್ಚಬೇಕು.

ಎರಡು, ಫರ್ಮ್‌ವೇರ್. ಒಂದೊಂದು ಕಾರ್ಡಿನಲ್ಲೂ ಯಂತ್ರ ಏಳುವಾಗ ಓಡುವ ತನ್ನದೇ ಸಣ್ಣ ತಂತ್ರಾಂಶ, ಅಂದರೆ ಬಯಾಸ್, ಇರುತ್ತದೆ. ಒಳಗಿನ ಪರದೆ ಯಾವುದು, ಅದರ ಹಿಂಬೆಳಕನ್ನು ಹೇಗೆ ಏರಿಸಿ ಇಳಿಸಬೇಕು ಎಂಬುದು ಅದಕ್ಕೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಚಿತ್ರ ಬಂದರೂ ಬೆಳಕು ಹತೋಟಿಗೆ ಬರುವುದಿಲ್ಲ. ಹಳೆಯ ಐಮ್ಯಾಕ್‌ಗೆ ಸಾಮಾನ್ಯ ಪಿಸಿಯ ಕಾರ್ಡು ಹಾಕಿದರೆ ಆಪರೇಟಿಂಗ್ ಸಿಸ್ಟಮ್ ಪೂರ್ತಿ ಏಳುವವರೆಗೆ ಪರದೆ ಕಪ್ಪಾಗಿಯೇ ಇರುತ್ತದೆ. ಇದಕ್ಕೆ ಪರಿಹಾರವಾಗಿ ಕಾರ್ಡಿನ ಎಂಟು ಕಾಲಿನ ಚಿಪ್ಪಿಗೆ ಕ್ಲಿಪ್ಪು ಸಿಕ್ಕಿಸಿ, ಸಿಎಚ್341ಎ ಎಂಬ ಅಗ್ಗದ ಪ್ರೋಗ್ರಾಮರಿನಿಂದ ಹೊಸ ಬಯಾಸ್ ಬರೆಯುವವರಿದ್ದಾರೆ. ಬರೆಯುವ ಮುನ್ನ ಹಳೆಯದನ್ನು ಓದಿ ಎರಡು ಪ್ರತಿ ಉಳಿಸಿಕೊಳ್ಳುವುದು ಅವರಲ್ಲಿ ಜಾಣರ ಪದ್ಧತಿ.

ಮೂರು, ವಿದ್ಯುತ್ತು. ಹೊರಗಿನ ಅಡಾಪ್ಟರಿನಿಂದ ನಡೆಯುವ ಯಂತ್ರಗಳಲ್ಲಿ ಪರದೆ, ಪ್ರೊಸೆಸರ್, ಡಿಸ್ಕು, ಕಾರ್ಡು ಎಲ್ಲಕ್ಕೂ ಸೇರಿ ಒಂದೇ ಪಾಲು. 35 ವ್ಯಾಟಿನ ಕಾರ್ಡಿದ್ದ ಜಾಗದಲ್ಲಿ 75 ವ್ಯಾಟಿನದು ಬಂದು ಕೂತರೆ ಉಳಿದವುಗಳ ಪಾಲು ಕಡಿಮೆಯಾಗಿ ಯಂತ್ರ ತಟ್ಟನೆ ಆರುತ್ತದೆ. ವಿದ್ಯುತ್ ಘಟಕ ಒಳಗೇ ಇರುವ ಯಂತ್ರಗಳಲ್ಲಿ ಅಪಾಯ ಬೇರೆ. ಪ್ಲಗ್ಗು ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಕೈಗೆ ಹೊಡೆಯುವಷ್ಟು ವಿದ್ಯುತ್ತು ಉಳಿದಿರುತ್ತದೆ. ಆ ಘಟಕವನ್ನು ಮುಟ್ಟದೆ ಕೆಲಸ ಮಾಡುವುದು ಕ್ಷೇಮ.

5. ಮೇ ತಿಂಗಳ ಒಂದು ಮಧ್ಯಾಹ್ನ

ನನ್ನದೂ ಮೂರನೆಯ ಬಗೆಯ ಯಂತ್ರವೇ, 23 ಇಂಚಿನ ಪರದೆಯದು. ಶಾಸನ, ವೀರಗಲ್ಲುಗಳ ಚಿತ್ರ ತೆಗೆದು ಅದರಲ್ಲಿ ಓದುವುದು ನನ್ನ ಅಭ್ಯಾಸ. ಒಂದು ಮೇ ತಿಂಗಳಲ್ಲಿ ಪರದೆಯ ಮೇಲೆ ಕೆಂಪು ಹಸಿರು ಗೆರೆಗಳು ನಿಂತವು. ಪರದೆಯೇ ಕೆಟ್ಟಿದೆಯೋ ಕಾರ್ಡು ಕೆಟ್ಟಿದೆಯೋ ತಿಳಿಯಲು ಎರಡು ಸುಲಭ ಪರೀಕ್ಷೆಗಳಿವೆ. ಹೊರಗಿನ ಮಾನಿಟರು ಜೋಡಿಸಿದಾಗ ಅಲ್ಲೂ ಗೆರೆ ಬಂದರೆ ದೋಷ ಕಾರ್ಡಿನ ಕಡೆಯದು. ಗೆರೆ ಇರುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಂಪ್ಯೂಟರಿನಲ್ಲಿ ನೋಡಿದಾಗ ಗೆರೆ ಅದರೊಳಗೂ ಇದ್ದರೆ, ಆಗಲೂ ಅನುಮಾನ ಕಾರ್ಡಿನ ಮೇಲೆಯೇ. ನನ್ನ ಯಂತ್ರ ಎರಡರಲ್ಲೂ ಕಾರ್ಡನ್ನೇ ತೋರಿಸಿತು.

ಸೊಲ್ಲಾಪುರದ ಒಂದು ಸಣ್ಣ ದುರಸ್ತಿ ಅಂಗಡಿಯಲ್ಲಿ ಅದನ್ನು ಬಿಚ್ಚಿದೆವು. ಅಂಗಡಿಯ ಹುಡುಗ ದಕ್ಷಿಣ ಸೊಲ್ಲಾಪುರ ತಾಲೂಕಿನವನು, ಮಾತು ನಮ್ಮ ಕಡೆಯ ಕನ್ನಡ. ಮೇಜಿನ ಮೇಲೆ ದಪ್ಪ ಚಾದರವೊಂದನ್ನು ಹಾಸಿ ಯಂತ್ರವನ್ನು ಮುಖ ಕೆಳಗೆ ಮಾಡಿ ಮಲಗಿಸಿದ. ತೆಗೆದ ಸ್ಕ್ರೂಗಳನ್ನು ಅವು ಇದ್ದ ಜಾಗದ ಕ್ರಮದಲ್ಲೇ ಒಂದು ರಟ್ಟಿಗೆ ಚುಚ್ಚುತ್ತ ಹೋದ. ಫ್ಯಾನಿನ ಹಿಂದಿನ ತಾಮ್ರದ ರೆಕ್ಕೆಗಳು ಕಣ್ಣಿಗೆ ಬಿದ್ದಾಗ ಅವು ತಾಮ್ರದಂತೆ ಕಾಣಲಿಲ್ಲ. ಬಿಳಿ ಬೂದು ಬಣ್ಣದ ಒಂದು ಹೊದಿಕೆ ರೆಕ್ಕೆಗಳ ಬಾಯಿಗೆ ಅಡ್ಡವಾಗಿ ಹೆಣೆದುಕೊಂಡಿತ್ತು. ಚಿಮಟಿಯಿಂದ ಹಿಡಿದೆಳೆದರೆ ಪುಡಿಯಾಗದೆ ಒಂದೇ ತುಂಡಾಗಿ ಬಂತು. ಅದು ಬರೀ ಧೂಳಾಗಿರಲಿಲ್ಲ, ಅರಳೆಯ ಎಳೆ. ಮಗ್ಗದ ಕೇರಿಯ ಗಾಳಿಯಲ್ಲಿ ಹಾರುವ ಅರಳೆಯನ್ನು ಫ್ಯಾನು ವರ್ಷಗಟ್ಟಲೆ ಒಳಗೆಳೆದುಕೊಂಡು ತನ್ನ ಮೂಗಿಗೆ ತಾನೇ ಬಟ್ಟೆ ನೇಯ್ದುಕೊಂಡಿತ್ತು.

‘ಮಾಸ್ತರ, ಕಾರ್ಡಿನ ತಪ್ಪ ಇಲ್ರಿ. ಉಸರ ಕಟ್ಟ್ಯಾದ ನೋಡ್ರಿ ಅದಕ್ಕ’ ಎಂದ ಹುಡುಗ.

ಆ ಮಾತಿನ ಹಿಂದೆ ಸರಳ ಲೆಕ್ಕವಿದೆ. ಚಿಪ್ಪು ಎಷ್ಟು ವ್ಯಾಟ್ ಉಣ್ಣುತ್ತದೆಯೋ ಅಷ್ಟಕ್ಕೆ ತಕ್ಕಂತೆ ಸುತ್ತಲಿನ ಗಾಳಿಗಿಂತ ಇಂತಿಷ್ಟು ಡಿಗ್ರಿ ಮೇಲೆ ನಿಲ್ಲುತ್ತದೆ. ಕೋಣೆ 25 ಡಿಗ್ರಿ ಇದ್ದಾಗ ಚಿಪ್ಪು 75ಕ್ಕೆ ನಿಂತರೆ, ಕೋಣೆ 42 ಆದಾಗ ಅದು 92ರ ಸುತ್ತ ನಿಲ್ಲುತ್ತದೆ. ಸೊಲ್ಲಾಪುರದ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಅದರ ಮೇಲೆ ಅರಳೆಯ ಹೊದಿಕೆ ಬೇರೆ. ಕರೆಂಟು ಹೋಗಿ ಬರುವಾಗಲೆಲ್ಲ ಚಿಪ್ಪು ಕಾದು, ಆರಿ, ಮತ್ತೆ ಕಾಯುತ್ತದೆ. ಈ ಹಿಗ್ಗು ಕುಗ್ಗಿನಲ್ಲಿ ಬೆಸುಗೆಗಳು ದಣಿಯುತ್ತವೆ. ದೋಷವನ್ನು ಯಂತ್ರ ಮಾಡಿದವರ ಮೇಲೆ ಹೊರಿಸಲು ನನಗೆ ಕಾರಣ ಕಾಣಲಿಲ್ಲ. ಎರಡು ವರ್ಷಕ್ಕೊಮ್ಮೆಯಾದರೂ ನಾನು ಅದನ್ನು ಬಿಚ್ಚಿ ಒರೆಸಬೇಕಿತ್ತು.

ಅರಳೆ ತೆಗೆದು, ಒಣಗಿ ಹಿಟ್ಟಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದ ಮೇಲೆ ಗೆರೆಗಳು ಹೋದವು. ಕೆಲವು ವಾರಗಳ ನಂತರ ಮತ್ತೆ ಬಂದವು. ಕಾರ್ಡು ಆಗಲೇ ಪೆಟ್ಟು ತಿಂದಿತ್ತು. ಅದೇ ಎ ನಮೂನೆಯ, ಅಷ್ಟೇ ವ್ಯಾಟಿನ, ಬಳಸಿದ್ದ ಒಂದು ಎನ್ವಿಡಿಯಾ ಕಾರ್ಡನ್ನು ತರಿಸಿ ಹಾಕಿದೆವು. ಹುಡುಗ ಕಾರ್ಡನ್ನು ಕಿಂಡಿಗೆ 30 ಡಿಗ್ರಿಯಷ್ಟು ಓರೆಯಾಗಿ ತೂರಿಸಿ, ಮೆಲ್ಲಗೆ ಒತ್ತಿ, ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದ. ಒಂದೇ ಕಡೆ ಪೂರ್ತಿ ಬಿಗಿದರೆ ಚಿಪ್ಪಿನ ಅಂಚು ಒಡೆಯುತ್ತದೆ ಎಂದು ವಿವರಿಸಿದ. ಯಂತ್ರ ಎದ್ದಿತು. ಪರದೆಯ ಬೆಳಕು ಮಾತ್ರ ಪೂರ್ತಿ ಏರಿ ನಿಂತಿತು, ಇಳಿಸಲು ಬರಲಿಲ್ಲ. ಮೇಲೆ ಹೇಳಿದ ಫರ್ಮ್‌ವೇರ್ ತೊಡಕು ಇದೇ. ಇಂದಿಗೂ ಆ ಯಂತ್ರದಲ್ಲಿ ಬೆಳಕನ್ನು ಕಡಿಮೆ ಮಾಡುವುದು ಬಣ್ಣಗಳನ್ನು ಮಂದಗೊಳಿಸುವ ಒಂದು ಸಾಫ್ಟ್‌ವೇರಿನ ಮೂಲಕ.

6. ಅಕ್ಷರ ಒಡೆದರೆ ಕಾರ್ಡನ್ನು ದೂರಬಾರದು

ಡಿಟಿಪಿ ಅಂಗಡಿಗಳಲ್ಲಿ ಕಾರ್ಡು ಬದಲಿಸಲು ಕೊಡುವ ಕಾರಣಗಳಲ್ಲಿ ಒಂದು ಹೀಗಿದೆ: ಮರಾಠಿ ಸರಿಯಾಗಿ ಬರುತ್ತದೆ, ಕನ್ನಡದ ಒತ್ತಕ್ಷರ ಒಡೆಯುತ್ತವೆ, ಆದ್ದರಿಂದ ಗ್ರಾಫಿಕ್ಸ್ ದುರ್ಬಲವಿರಬೇಕು. ಈ ತರ್ಕ ತಪ್ಪು, ಏಕೆಂದು ಒಂದೇ ಪದದಲ್ಲಿ ನೋಡಬಹುದು.

‘ಅಕ್ಕಲಕೋಟೆ’ ಎಂಬ ಪದ ಕಣ್ಣಿಗೆ ಐದು ಅಕ್ಷರ: ಅ, ಕ್ಕ, ಲ, ಕೋ, ಟೆ. ಯುನಿಕೋಡ್‌ನಲ್ಲಿ ಇದೇ ಪದ ಒಂಬತ್ತು ಸಂಕೇತಗಳ ಸಾಲು. ಅ, ಕ, ಹಲಂತದ ಚಿಹ್ನೆ, ಕ, ಲ, ಕ, ಓತ್ವದ ಚಿಹ್ನೆ, ಟ, ಎತ್ವದ ಚಿಹ್ನೆ. ಎರಡನೆಯ ಕಕಾರ ಒತ್ತಾಗಿ ಕೆಳಗಿಳಿಯಬೇಕು, ಓತ್ವ ತನ್ನ ಕಕಾರವನ್ನು ಅಪ್ಪಿಕೊಳ್ಳಬೇಕು ಎಂದು ತೀರ್ಮಾನಿಸುವುದು ಅಕ್ಷರ ಜೋಡಿಸುವ ತಂತ್ರಾಂಶ. ಅದಕ್ಕೆ ಬೇಕಾದ ನಿಯಮಗಳು ಫಾಂಟಿನ ಒಳಗಿವೆ. ಈ ಕೆಲಸವೆಲ್ಲ ನಡೆಯುವುದು ಪ್ರೊಸೆಸರಿನಲ್ಲಿ. ಗ್ರಾಫಿಕ್ಸ್ ಕಾರ್ಡಿಗೆ ತಲುಪುವುದು ಸಿದ್ಧವಾದ ಆಕಾರ. ಅದಕ್ಕೆ ಕನ್ನಡವೂ ಒಂದೇ, ಮರಾಠಿಯೂ ಒಂದೇ, ಚಾದರದ ಹೂವೂ ಒಂದೇ.

ಆದ್ದರಿಂದ ಒತ್ತಕ್ಷರ ಒಡೆದಾಗ ಹುಡುಕಬೇಕಾದದ್ದು ಫಾಂಟನ್ನು, ಪುಟವಿನ್ಯಾಸದ ಸಾಫ್ಟ್‌ವೇರಿನ ಆವೃತ್ತಿಯನ್ನು, ಹಳೆಯ ಕಡತದ ಸಂಕೇತ ಪದ್ಧತಿಯನ್ನು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳು ಯುನಿಕೋಡ್ ಕ್ರಮದವಲ್ಲ. ಅಲ್ಲಿ ಅಕ್ಷರದ ತುಂಡುಗಳಿಗೇ ನೇರ ಸಂಕೇತವಿದೆ. ಅವನ್ನು ಪರಿವರ್ತಿಸದೆ ಹೊಸ ಸಾಫ್ಟ್‌ವೇರಿಗೆ ತಂದರೆ ಲೋಕದ ಅತ್ಯುತ್ತಮ ಕಾರ್ಡಿದ್ದರೂ ಪುಟ ಗೊಂದಲವಾಗಿಯೇ ಕಾಣುತ್ತದೆ.

ಪುಟವಿನ್ಯಾಸಕ್ಕೆ ಮೆಮೊರಿಯ ಲೆಕ್ಕವನ್ನೂ ನೋಡೋಣ. 300 ಡಿಪಿಐನ ಎ4 ಪುಟವೊಂದು 2480×3508 ಪಿಕ್ಸೆಲ್, ಅಂದರೆ ಸುಮಾರು 35 ಎಂಬಿ. 512 ಎಂಬಿಯ ಹಳೆಯ ಕಾರ್ಡಿಗೂ ಇದು ಭಾರವಲ್ಲ. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಜಾತ್ರೆಯ ಕರಪತ್ರ ಮಾಡುವ ಅಂಗಡಿಯಲ್ಲಿ ಯಂತ್ರ ನಿಧಾನವಾಗಿದ್ದರೆ ತಪ್ಪು ಸಾಮಾನ್ಯವಾಗಿ ತಿರುಗುವ ಹಾರ್ಡ್‌ಡಿಸ್ಕಿನದು. ಅದು ಸೆಕೆಂಡಿಗೆ ಸುಮಾರು 100 ಎಂಬಿ ಓದುವ ಕಡೆ ಸಾಮಾನ್ಯ ಸಾಟಾ ಎಸ್‌ಎಸ್‌ಡಿ 500 ಎಂಬಿ ಓದುತ್ತದೆ. ಚದುರಿದ ಸಣ್ಣ ಕಡತಗಳಲ್ಲಿ ಅಂತರ ಇನ್ನೂ ಹೆಚ್ಚು. ಅಂಥ ಅಂಗಡಿಯವರಿಗೆ ನನ್ನ ಸಲಹೆ ನೇರವಾದದ್ದು: ಕಾರ್ಡಿನ ಹಣವನ್ನು ಎಸ್‌ಎಸ್‌ಡಿ, ರ‍್ಯಾಮ್‌ಗೆ ಹಾಕಿ, ಅರಳೆ ತೆಗೆಸಿ.

7. ಕಾರ್ಡು ನಿಜಕ್ಕೂ ಬೇಕಾಗುವ ಕೆಲಸ

ಹಾಗಾದರೆ ನಾನೇಕೆ ಕಾರ್ಡು ಹಾಕಿಸಿದೆ? ಉತ್ತರ ಈ ಜಿಲ್ಲೆಯ ಕಲ್ಲುಗಳಲ್ಲಿದೆ.

ಸೊಲ್ಲಾಪುರ ಜಿಲ್ಲೆ ಶಾಸನಗಳ ನೆಲ. ಸೊಲ್ಲಾಪುರ ಪಟ್ಟಣವೇ 12ನೆಯ ಶತಮಾನದ ಶರಣ ಸಿದ್ಧರಾಮನ ಸೊನ್ನಲಿಗೆ. ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರರು ಕೂಡಿ ಸಂಪಾದಿಸಿದ್ದಾರೆ, ಅವುಗಳಲ್ಲಿ ಕನ್ನಡದವು ಧಾರಾಳವಾಗಿವೆ. ಭೀಮಾ–ಸೀನಾ ಸಂಗಮದ ಹತ್ತರಸಂಗ ಕೂಡಲದಲ್ಲಿ ಕುಂಭಾರರು ಬೆಳಕಿಗೆ ತಂದ ಶಕ 940ರ, ಅಂದರೆ ಕ್ರಿ.ಶ. 1018ರ ಶಾಸನ ಮರಾಠಿಯ ಅತಿ ಹಳೆಯ ಬರಹಗಳಲ್ಲಿ ಒಂದೆಂದು ಹೆಸರಾಗಿದೆ. ಎರಡು ಭಾಷೆಗಳ ಇತಿಹಾಸವೂ ಇಲ್ಲಿ ಒಂದೇ ಕಲ್ಲಿನ ಬಳಗದಲ್ಲಿದೆ.

ಈ ಕಲ್ಲುಗಳು ಮಳೆಗೆ, ಎಣ್ಣೆಗೆ, ಸುಣ್ಣಕ್ಕೆ ಸವೆದಿವೆ. ನೇರ ಬೆಳಕಿನಲ್ಲಿ ಅಕ್ಷರ ಕಾಣುವುದಿಲ್ಲ. ಸಂಜೆಯ ಓರೆ ಬಿಸಿಲು ಬಿದ್ದಾಗ ಗೆರೆಯ ಒಂದು ಅಂಚು ಬೆಳಗಿ ಇನ್ನೊಂದು ನೆರಳಾಗುತ್ತದೆ, ಆಗ ಓದಲು ಬರುತ್ತದೆ. ಹಸಿ ಕಾಗದ ಹಚ್ಚಿ ಮಸಿ ಬಡಿದು ಪಡಿಯಚ್ಚು ತೆಗೆಯುವುದು ಹಿರಿಯರ ದಾರಿ. ಅದಕ್ಕೆ ಜೊತೆಯಾಗಿ ಇನ್ನೊಂದು ದಾರಿ ಬಂದಿದೆ. ಎಚ್.ಪಿ. ಲ್ಯಾಬ್ಸ್‌ನ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪದ್ಧತಿ ಇದರ ಮೂಲ. ಕ್ಯಾಮೆರಾ ಒಂದೇ ಕಡೆ ನಿಲ್ಲಬೇಕು. ದೀಪವನ್ನು ಮಾತ್ರ ಸುತ್ತಲೂ ಬೇರೆ ಬೇರೆ ದಿಕ್ಕಿಗೆ ಹಿಡಿದು ಹತ್ತಾರು ಚಿತ್ರ ತೆಗೆಯಬೇಕು. ಬೆಳಕಿನ ದಿಕ್ಕು ಬದಲಾದಂತೆ ಒಂದೊಂದು ಪಿಕ್ಸೆಲ್ಲಿನ ಹೊಳಪು ಹೇಗೆ ಬದಲಾಯಿತು ಎಂಬುದನ್ನು ಆರು ಗುಣಾಂಕಗಳಲ್ಲಿ ಕಂಪ್ಯೂಟರು ಬರೆದಿಡುತ್ತದೆ. ಆಮೇಲೆ ಮನೆಯಲ್ಲಿ ಕೂತು ಮೌಸ್ ಆಡಿಸಿದರೆ ಪರದೆಯ ಕಲ್ಲಿನ ಮೇಲೆ ಸೂರ್ಯ ನಾವು ಹೇಳಿದ ಕಡೆ ಹೋಗಿ ನಿಲ್ಲುತ್ತಾನೆ.

ಇಲ್ಲಿಯ ಲೆಕ್ಕ ಪುಟವಿನ್ಯಾಸದ ಲೆಕ್ಕದಂತಲ್ಲ. 6000×4000ರ ಚಿತ್ರದಲ್ಲಿ 2.4 ಕೋಟಿ ಪಿಕ್ಸೆಲ್. ಒಂದೊಂದಕ್ಕೂ ಆರು ಗುಣಾಂಕ, ಮೂರು ಬಣ್ಣ, ಹೀಗೆ ಒಂಬತ್ತು ಬೈಟ್. ಒಟ್ಟು 216 ಎಂಬಿ. ಮೌಸ್ ಒಂದಿಷ್ಟು ಸರಿದರೂ ಪರದೆಯಲ್ಲಿ ಕಾಣುವ ಪ್ರತಿ ಪಿಕ್ಸೆಲ್ಲಿಗೂ ಹೊಸ ಗುಣಾಕಾರ. ಲಕ್ಷಗಟ್ಟಲೆ ಪಿಕ್ಸೆಲ್‌ಗಳ ಮೇಲೆ ಒಂದೇ ಲೆಕ್ಕವನ್ನು ಒಟ್ಟೊಟ್ಟಿಗೆ ಮಾಡುವುದು ಗ್ರಾಫಿಕ್ಸ್ ಚಿಪ್ಪಿನ ಹುಟ್ಟುಗುಣ. ಸಾವಿರ ಕೊಕ್ಕೆಗಳು ಒಂದೇ ಏಟಿಗೆ ಏಳುವ ಮಗ್ಗದ ಹಾಗೆ.

ವೀರಗಲ್ಲಿನ ಸುತ್ತ ನಡೆದು ತೆಗೆದ ಚಿತ್ರಗಳಿಂದ ಮೂರು ಆಯಾಮದ ಪ್ರತಿಮೆ ಕಟ್ಟುವುದು ಇನ್ನೂ ಭಾರದ ಕೆಲಸ. ಮೆಶ್‌ರೂಮ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಆಳವನ್ನು ಲೆಕ್ಕ ಹಾಕುವ ಹಂತಕ್ಕೆ ಎನ್ವಿಡಿಯಾದ ಕುಡಾ ತಂತ್ರ ಬೇಕೇ ಬೇಕು. ಮೆಟಾಶೇಪ್ ಎಂಬುದು ಎಎಂಡಿ ಕಾರ್ಡಿನಲ್ಲೂ ನಡೆಯುತ್ತದೆ, ಕಾರ್ಡಿಲ್ಲದಿದ್ದರೆ ಪ್ರೊಸೆಸರಿನಲ್ಲೇ ತೆವಳುತ್ತದೆ. ನಾನು ಎನ್ವಿಡಿಯಾ ಕಾರ್ಡನ್ನೇ ಹುಡುಕಿದ್ದಕ್ಕೆ ಕಾರಣ ಇದು. ಇಲ್ಲೂ ತಲೆಮಾರು ನೋಡಬೇಕು. 2012ರ ಕೆಪ್ಲರ್ ತಲೆಮಾರಿನ ಕಾರ್ಡುಗಳು ಅಗ್ಗವಾಗಿ ಸಿಗುತ್ತವೆ, ಆದರೆ 2022ರಲ್ಲಿ ಬಂದ ಕುಡಾ 12 ಅವನ್ನು ಕೈಬಿಟ್ಟಿದೆ. ಅದರ ನಂತರದ ಮ್ಯಾಕ್ಸ್‌ವೆಲ್ ತಲೆಮಾರಿನಲ್ಲಿ ಕ್ವಾಡ್ರೋ ಎಂ1000ಎಂ 40 ವ್ಯಾಟಿನದು, ಎಂ2000ಎಂ 55 ವ್ಯಾಟಿನದು. ಎ ನಮೂನೆಯ ಕಿಂಡಿಗೆ ಇವು ಸರಿಯಾದ ಅಳತೆ. ಯಂತ್ರದ ಹಳೆಯ ಬಯಾಸ್ ಅವನ್ನು ಗುರುತಿಸುತ್ತದೆಯೇ ಎಂದು, ಅದೇ ಮಾದರಿಯಲ್ಲಿ ಹಾಕಿ ನೋಡಿದವರಿಂದ ತಿಳಿದ ಮೇಲೆ ಕೊಳ್ಳಬೇಕು.

8. ಕಾರ್ಡು ದಾಟಿಸಲಾರದ ಹೊಸ್ತಿಲು

ಹೊಸ ಆಪರೇಟಿಂಗ್ ಸಿಸ್ಟಮಿಗಾಗಿ ಕಾರ್ಡು ಬದಲಿಸುವವರಿಗೆ ಒಂದು ಎಚ್ಚರಿಕೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಡೈರೆಕ್ಟ್‌ಎಕ್ಸ್ 12ರ ಗ್ರಾಫಿಕ್ಸ್ ಒಂದನ್ನೇ ಅಲ್ಲ. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಬಹುತೇಕ ಎಂಟನೆಯ ಪೀಳಿಗೆಯ ಅಥವಾ ಮುಂದಿನ ಪ್ರೊಸೆಸರ್ ಬೇಕು. ಕಾರ್ಡು ಬದಲಿಸಿದ ಮಾತ್ರಕ್ಕೆ 2012ರ ಯಂತ್ರ ಅರ್ಹವಾಗದು. ಆಪಲ್ ಕಡೆ 2018ರ ಮೊಹಾವೆ ಆವೃತ್ತಿ ಮೆಟಲ್ ಎಂಬ ಗ್ರಾಫಿಕ್ಸ್ ಪದ್ಧತಿಯನ್ನು ಕಡ್ಡಾಯ ಮಾಡಿತು. 2011ರ ಐಮ್ಯಾಕ್‌ನ ಮೂಲ ಕಾರ್ಡಿಗೆ ಅದಿಲ್ಲ, ಹಾಗಾಗಿ ಅಧಿಕೃತ ದಾರಿ ಅದರ ಹಿಂದಿನ ಆವೃತ್ತಿಯಾದ ಹೈ ಸಿಯೆರಾದಲ್ಲೇ ನಿಲ್ಲುತ್ತದೆ. ಕೆಪ್ಲರ್ ಕಾರ್ಡು ಹಾಕಿ, ಓಪನ್‌ಕೋರ್ ಲೆಗಸಿ ಪ್ಯಾಚರ್‌ನಂಥ ಸಮುದಾಯದ ಸಾಧನ ಹಿಡಿದು ಮುಂದೆ ಹೋದವರಿದ್ದಾರೆ. 2021ರ ಮಾಂಟೆರೆ ಆವೃತ್ತಿ ಕೆಪ್ಲರನ್ನೂ ಬಿಟ್ಟಿತು. ಇಂಟರ್ನೆಟ್ ಕೆಲಸವೇ ಮುಖ್ಯವಾದ ಶಾಲೆ, ಗ್ರಂಥಾಲಯಗಳಿಗೆ ಇಂಥ ಯಂತ್ರದಲ್ಲಿ ಹಗುರವಾದ ಲಿನಕ್ಸ್ ಹಾಕುವುದು ಹೆಚ್ಚು ಗಟ್ಟಿ ದಾರಿ. ಕನ್ನಡ ಯುನಿಕೋಡ್ ಅಲ್ಲಿ ಚೆನ್ನಾಗಿ ಮೂಡುತ್ತದೆ.

9. ತೀರ್ಮಾನ

ಪರೀಕ್ಷೆಯ ಕ್ರಮವನ್ನು ಒಟ್ಟುಗೂಡಿಸುತ್ತೇನೆ. ಮೊದಲು ಅರಳೆ ತೆಗೆದು ಪೇಸ್ಟ್ ಬದಲಿಸಿ. ಎರಡನೆಯದಾಗಿ ಸರ್ವಿಸ್ ಕೈಪಿಡಿಯಲ್ಲಿ ಕಾರ್ಡು ಬೇರೆ ಭಾಗವೇ ನೋಡಿ. ಮೂರನೆಯದಾಗಿ ಕೆಲಸವನ್ನು ಹೆಸರಿಸಿ: ಅಕ್ಷರ, ಪುಟ, ಪತ್ರಿಕೆಗಳಾದರೆ ಫಾಂಟು, ಎಸ್‌ಎಸ್‌ಡಿ, ರ‍್ಯಾಮ್ ಸಾಕು. ಬೆಳಕು ಆಡಿಸುವ ಶಾಸನಚಿತ್ರ, ಮೂರು ಆಯಾಮದ ಪ್ರತಿಮೆಗಳಾದರೆ ಕಾರ್ಡು ಬೇಕು. ನಾಲ್ಕನೆಯದಾಗಿ ಗಾತ್ರ, ವ್ಯಾಟ್, ತಲೆಮಾರು, ಬಯಾಸ್ ನಾಲ್ಕೂ ಹೊಂದಿದ ಮೇಲೆ ಕೊಳ್ಳಿ.

ನನ್ನ ಯಂತ್ರದಲ್ಲಿ ಬದಲಾದದ್ದನ್ನೂ ಬದಲಾಗದ್ದನ್ನೂ ಹೇಳಿಬಿಡುತ್ತೇನೆ. ಬೆರಳಚ್ಚು ಮೊದಲಿನಷ್ಟೇ ವೇಗ. ಪಿಡಿಎಫ್ ತೆರೆಯುವುದು ಮೊದಲಿನಷ್ಟೇ ನಿಧಾನ. ಆದರೆ ಮೈಂದರಗಿ ಕಡೆಯಲ್ಲಿ ಚಿತ್ರ ತೆಗೆದಿದ್ದ ಒಂದು ಸವೆದ ಕಲ್ಲಿನ ಮೇಲೆ ಪರದೆಯ ಬೆಳಕನ್ನು ಎಡಗಡೆಯಿಂದ ತಗ್ಗಿಸಿ ತಂದಾಗ, ಅಂಗಳದಲ್ಲಿ ನಿಂತು ನಾನು ಬರೀ ‘ಲ’ ಎಂದು ಓದಿಕೊಂಡಿದ್ದ ಅಕ್ಷರದ ಅಡಿ ಒಂದು ಒತ್ತು ತೋರಿತು. ಪದ ಬದಲಾಯಿತು, ಅರ್ಥ ಕೂಡಿಬಂತು. ಕಾರ್ಡಿಗೆ ಕೊಟ್ಟ ಹಣ ನನಗೆ ಆ ಒಂದು ಒತ್ತಿನಲ್ಲಿ ಮರಳಿತು.

ಇನ್ನು ಮುಂದೆ ಶಾಲೆಗೋ ಗ್ರಂಥಾಲಯಕ್ಕೋ ಮಠಕ್ಕೋ ಕಂಪ್ಯೂಟರು ಕೊಳ್ಳುವಾಗ, ಬೆಲೆ ಕೇಳುವ ಮೊದಲು ಮಗ್ಗದವರು ಕೇಳುವ ಪ್ರಶ್ನೆಯನ್ನು ನಾವೂ ಕೇಳಬೇಕು: ಇದನ್ನು ಬಿಚ್ಚಲು ಬರುತ್ತದೆಯೇ?